ಚೌಕಟ್ಟು ಕಿತ್ತ ಮೇಲೆ ರೇಟು ಹೇಳ್ತಾರೆ, ಹಳೇ ಮನೆಯವರು ಹುಷಾರು

ಹಳೇ ಮನೆಗೆ ಯುಪಿವಿಸಿ ಕಿಟಕಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ, ಹಾಕಿಸೋ ಯೋಚನೆ ಇದ್ದರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಹೊಸ ಕಿಟಕಿ ತಯಾರಾಗಿ ನಿಮ್ಮ ಮನೆ ಬಾಗಿಲಲ್ಲಿ ಇಳಿಯೋವರೆಗೂ ಹಳೇ ಚೌಕಟ್ಟಿಗೆ ಯಾರನ್ನೂ ಕೈ ಹಾಕೋಕೆ ಬಿಡಬೇಡಿ. ನಾನು ಬಿಟ್ಟೆ. 1,05,300 ರೂಪಾಯಿಗೆ ಮಾತಾಡಿದ ಕೆಲಸಕ್ಕೆ 2,28,123 ಕೊಟ್ಟು ಕೂತಿದ್ದೀನಿ.

ಮೈಸೂರಲ್ಲಿ, ಚಾಮರಾಜಪುರಂ ಕಡೆ, ನಮ್ಮ ತಾತ ಕಟ್ಟಿಸಿದ ಮನೆ. ಮದ್ರಾಸ್ ತಾರಸಿ, ಗಾರೆ ಗೋಡೆ, ಒಂಬತ್ತು ಸಾಗುವಾನಿ ಕಿಟಕಿ. ಎರಡಕ್ಕೆ ಗೆದ್ದಲು ಹಿಡಿದಿತ್ತು. ಮಿಕ್ಕ ಏಳು ಮಳೆಗಾಲ ಬಂದರೆ ಉಬ್ಬಿಕೊಂಡು ಮುಚ್ಚೋಕೇ ಆಗ್ತಿರಲಿಲ್ಲ, ಅಷ್ಟೇ. ಪರಿಚಯದವರೊಬ್ಬರು ನಂಬರ್ ಕೊಟ್ಟರು, ಆಸಾಮಿ ಬಂದ. ಚೌಕಟ್ಟಿನ ಒಳಗೇ ಟೇಪ್ ಹಿಡಿದ: ನಾಲ್ಕಡಿ ಅಗಲ, ನಾಲ್ಕೂವರೆ ಎತ್ತರ. ಒಂದಕ್ಕೆ 18 ಚದರಡಿ, ಒಂಬತ್ತಕ್ಕೆ 162. ಅಡಿಗೆ 650. ವಾಟ್ಸಾಪಲ್ಲಿ ಇಷ್ಟೇ ಬರೆದು ಕಳಿಸಿದ. ಫೋನ್ ಮಾಡಿ ಕೇಳಿದೆ, ಎಲ್ಲಾ ಸೇರಿನಾ ಅಂತ. "ಎಲ್ಲಾ ಸೇರಿ ಸರ್, ನಿಮಗೇನೂ ತಲೆನೋವು ಬೇಡ" ಅಂದ. 60,000 ಅಡ್ವಾನ್ಸ್ ಹಾಕಿದೆ.

ಎಲ್ಲರೂ ಹೇಗೆ ಮಾಡ್ತಾರೆ? ಅಳತೆ ತಗೊಂಡು ಹೋಗ್ತಾರೆ, ಫ್ಯಾಕ್ಟರಿಯಲ್ಲಿ ಮಾಡಿಸ್ತಾರೆ, ತಂದ ದಿನವೇ ಹಳೇದನ್ನ ತೆಗೆದು ಹೊಸದನ್ನ ಕೂರಿಸ್ತಾರೆ. ಇವನು ಜೂನ್ ತಿಂಗಳಲ್ಲಿ, ನಾನು ಕೆಲಸಕ್ಕೆ ಹೋದ ಹೊತ್ತಲ್ಲಿ, ನಾಲ್ಕು ಹುಡುಗರ ಕೈಲಿ ಹಾರೆ ಕೊಟ್ಟು ಕಳಿಸಿದ. "ಹಳೇ ಗೋಡೆ ಅಲ್ವಾ ಸರ್, ಕಿತ್ತೇ ಫೈನಲ್ ಅಳತೆ ತಗೋಬೇಕು" ಅಂದಿದ್ದ, ನಾನೂ ಹೂಂ ಅಂದಿದ್ದೆ. ಅವತ್ತಿಗೆ ಒಂದೋ ಎರಡೋ ತೆಗೀತಾರೆ ಅಂದ್ಕೊಂಡಿದ್ದೆ. ಸಾಯಂಕಾಲ ಬಂದು ನೋಡಿದರೆ ಒಂಬತ್ತೂ ಇಲ್ಲ. ಹಾಲ್ ತುಂಬ ಗಾರೆ ಪುಡಿ. ಅಮ್ಮ ದೇವರ ಮನೆ ಬಾಗಿಲಿಗೆ ಸೀರೆ ಅಡ್ಡ ಕಟ್ಟಿಕೊಂಡು ಒಳಗೆ ಕೂತಿದ್ದರು. ಅವರ ಮುಖ ನೋಡೋಕೆ ಆಗಲಿಲ್ಲ ನನಗೆ.

ಮಾರನೇ ದಿನ ಬೆಳಗ್ಗೆ ಹೊಸ ಲೆಕ್ಕ ಬಂತು. ಒಂದು ಕಿಟಕಿಗೆ 22.5 ಚದರಡಿ. ಒಂಬತ್ತಕ್ಕೆ 202.5, ಅಂದರೆ 1,31,625. ಇದೇನಪ್ಪಾ ಅಂತ ಕೇಳಿದರೆ, "ಚೌಕಟ್ಟು ಕಿತ್ತ ಮೇಲೆ ಕಿಂಡಿ ದೊಡ್ಡದಾಯ್ತಲ್ಲ ಸರ್."

ದೊಡ್ಡದಾಯ್ತಲ್ಲ! ಮರ ಮೂರಿಂಚು ದಪ್ಪ. ಎರಡೂ ಕಡೆ ಸೇರಿದರೆ ಅರ್ಧ ಅಡಿ, ಮೇಲೆ ಕೆಳಗೆ ಸೇರಿ ಇನ್ನರ್ಧ ಅಡಿ. ನಾಲ್ಕೂವರೆ ಇಂಟು ಐದು. ದಿನಾ ಇದೇ ಕೆಲಸ ಮಾಡೋನಿಗೆ ಇದು ಮೊದಲ ದಿನವೇ ಗೊತ್ತಿರಲ್ವಾ? ಗೊತ್ತಿದ್ದೇ ಒಳಗೆ ಟೇಪ್ ಹಿಡಿದಿದ್ದು.

ಅಲ್ಲಿಗೇ ಮುಗೀಲಿಲ್ಲ. ಸೊಳ್ಳೆ ಪರದೆ ಬೇರೆ, ಅಡಿಗೆ 90, ಒಟ್ಟು 18,225. "ಪರದೆ ನೀವು ಕೇಳಲೇ ಇಲ್ಲ ಸರ್." ಅದರ ಮೇಲೆ ಶೇಕಡ 18 ಜಿಎಸ್‌ಟಿ, 26,973. "ಜಿಎಸ್‌ಟಿ ಗೌರ್ಮೆಂಟ್‌ದು ಸರ್, ನಮ್ದಲ್ಲ." ಒಟ್ಟು 1,76,823. ಆಗಲ್ಲ, ನನ್ನ ಅಡ್ವಾನ್ಸ್ ವಾಪಸ್ ಕೊಡು ಅಂದೆ. ಅದಕ್ಕೆ ಬಂದ ಉತ್ತರ ಈಗಲೂ ಫೋನಲ್ಲಿದೆ: "ನಿಮ್ಮ ಇಷ್ಟ ಸರ್. ಅಡ್ವಾನ್ಸ್ ಮೆಟೀರಿಯಲ್‌ಗೆ ಹೋಗಿದೆ. ಮಳೆ ಬೇರೆ ಶುರುವಾಗಿದೆ, ಯೋಚನೆ ಮಾಡಿ ಹೇಳಿ."

ಮಳೆ ಬೇರೆ ಶುರುವಾಗಿದೆ. ಇದನ್ನ ಎಷ್ಟು ಸಲ ಓದಿದೀನೋ. ಮನೆಗೆ ಒಂಬತ್ತು ತೂತು, ಒಳಗೆ ವಯಸ್ಸಾದ ಅಮ್ಮ, ನಾನೇನು ಯೋಚನೆ ಮಾಡಲಿ? ಒಪ್ಪಿಕೊಂಡೆ. ಆಮೇಲೂ 17 ದಿನ ಟಾರ್ಪಾಲಿನ್ ಕಟ್ಟಿಕೊಂಡೇ ಇದ್ದೆವು, ರಾತ್ರಿಯೆಲ್ಲ ಅದು ಪಟಪಟ ಬಡಕೊಳ್ಳೋದು.

ಹಳೇ ಕಿಟಕಿಯ ಸರಳುಗಳು ಮರದ ಚೌಕಟ್ಟಿಗೇ ಕೂತಿರ್ತವೆ. ಚೌಕಟ್ಟು ಹೋದರೆ ಸರಳೂ ಹೋಯ್ತು. ಇದು ನನಗೆ ಹೊಳೀಲಿಲ್ಲ, ಅವನು ಹೇಳಲಿಲ್ಲ. ಹೊಸ ಗ್ರಿಲ್‌ಗೆ 28,800. ಚೌಕಟ್ಟಿನ ಕೊಂಬುಗಳು, ಅಂದರೆ ಮೂಲೆಯಲ್ಲಿ ಹೊರಚಾಚಿದ ಮರದ ತುದಿಗಳು, ಗೋಡೆಯೊಳಗೆ ಹೂತಿರ್ತವೆ, ಹಾರೆ ಹಾಕಿ ಎಬ್ಬಿಸಿದಾಗ ಸುತ್ತಲಿನ ಗಾರೆಯೆಲ್ಲ ಹಪ್ಪಳದ ಥರ ಕಳಚಿ ಬಿತ್ತು. ಗಾರೆಗೂ ಪೇಂಟಿಗೂ 22,500. ಅಡುಗೆಮನೆ ಕಿಟಕಿ ಮೇಲೆ ಈಗ ಬೆರಳು ತೂರೋಷ್ಟು ಬಿರುಕು. ಮೇಸ್ತ್ರಿ ನೋಡಿ ಬೈದರು: ಮೇಲಿನ ಇಟ್ಟಿಗೆ ಭಾರ ಆ ಮರದ ಮೇಲೇ ಕೂತಿತ್ತು, ಆಸರೆ ಕೊಡದೆ ಹೆಂಗೆ ಕಿತ್ತರು ಅಂತ.

ಇನ್ನು ಮರ. "ವೇಸ್ಟೆಲ್ಲ ನಾವೇ ಫ್ರೀಯಾಗಿ ಎತ್ಕೊಂಡು ಹೋಗ್ತೀವಿ ಸರ್" ಅಂದಾಗ ಥ್ಯಾಂಕ್ಸ್ ಹೇಳಿದ್ದೆ ನಾನು. ಥ್ಯಾಂಕ್ಸ್! ನಮ್ಮ ಬೀದಿಯ ಬಡಗಿ ಆಮೇಲೆ ಲೆಕ್ಕ ಹಾಕಿ ಹೇಳಿದರು, ಒಂದೊಂದು ಚೌಕಟ್ಟಲ್ಲೂ ಒಂದೂವರೆ ಘನ ಅಡಿ ಸಾಗುವಾನಿ, ಹಳೇ ಮರ, ಅಡಿಗೆ ಕಮ್ಮಿ ಅಂದರೂ ಎರಡು ಸಾವಿರ, ಬಾಗಿಲುಗಳು ಬೇರೆ. ಅವನಿಗೆ ಫೋನ್ ಮಾಡಿದೆ. "ಎಲ್ಲಾ ಗೆದ್ದಲು ತಿಂದಿತ್ತು ಸರ್, ಸೌದೆಗೆ ಹೋಯ್ತು." ಏಳು ಕಿಟಕಿಗೆ ಒಂದು ಗೆದ್ದಲೂ ಇರಲಿಲ್ಲ. ತಾತ ನಿಂತು ಮಾಡಿಸಿದ ಕಿಟಕಿಗಳು ಅವು.

ಹಾಕಿಸೋರು ಇಷ್ಟು ಮಾಡಿ. ಅಳತೆ ಚೌಕಟ್ಟಿನ ಒಳಗಿಂದೋ ಹೊರಗಿಂದೋ ಅಂತ ಬರೆಸಿಕೊಳ್ಳಿ. ಪರದೆ, ಗ್ರಿಲ್, ಗಾರೆ, ಜಿಎಸ್‌ಟಿ ಎಲ್ಲ ಒಂದೇ ಕಾಗದದಲ್ಲಿ ಇರಲಿ, ಬಾಯಿಮಾತು ನಂಬಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಮರ ನಿಮ್ಮದು, ಕೊಡಬೇಡಿ. ಅದಕ್ಕೂ ಮೊದಲು ಒಬ್ಬ ಒಳ್ಳೇ ಬಡಗಿಗೆ ತೋರಿಸಿ, ಕೀಸುಳಿ ಹಿಡಿದು ಉಬ್ಬಿದ ಅಂಚು ತೆಗೆದರೆ ಎಷ್ಟೋ ಕಿಟಕಿ ಸರಿಹೋಗ್ತವೆ. ನಮ್ಮ ಬಡಗಿ ಹೀಗಂದಾಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು. ಹೊಸ ಕಿಟಕಿ ಪ್ರೊಫೈಲ್ (ಚೌಕಟ್ಟಿನ ಟೊಳ್ಳು ಪ್ಲಾಸ್ಟಿಕ್ ಪಟ್ಟಿ) ಒಳಗೆ ಸ್ಟೀಲ್ ಇದೆ ಅಂತಾರಲ್ಲ, ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದು ನೋಡಿ. ನಮ್ಮಲ್ಲಿ ಮೂರು ಕಿಟಕಿಗೆ ಹಿಡೀತು, ಆರಕ್ಕೆ ಇಲ್ಲ. ಕೇಳಿದರೆ "ಸಣ್ಣ ಕಿಟಕಿಗೆ ಬೇಕಾಗಲ್ಲ ಸರ್." ಒಂಬತ್ತೂ ಒಂದೇ ಅಳತೆ!

26,973 ಜಿಎಸ್‌ಟಿ ಕೊಟ್ಟೆನಲ್ಲ, ಬಿಲ್ ಅಂತ ಒಂದು ಚೀಟಿ ಕೊಟ್ಟಿದ್ದಾನೆ. ಮೇಲೆ 'ಎಸ್ಟಿಮೇಟ್' ಅಂತಿದೆ. 15 ಅಂಕಿ-ಅಕ್ಷರದ ಜಿಎಸ್‌ಟಿ ನಂಬರ್ ಎಲ್ಲೂ ಇಲ್ಲ. 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೀನಿ. ಸರಿಯಾದ ಬಿಲ್ ಕೊಡು ಅಂತ ಅವನಿಗೂ ಮೆಸೇಜ್ ಹಾಕಿದ್ದೀನಿ, ಎರಡು ನೀಲಿ ಗೆರೆ ಬಂದು ಹನ್ನೊಂದು ದಿನ ಆಯ್ತು.