ಅಜ್ಜನ ಕ್ಷೌರದ ಕತ್ತಿಯೋ, ಬ್ಲೇಡ್ ಹಾಕುವ ಕತ್ತಿಯೋ?

ದಾವಣಗೆರೆಯ ಸಲೂನ್‌ಗಳಲ್ಲಿ ಈಗ ಕಾಣುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಮಸೆಯುವ ಗೋಜಿಲ್ಲ, ಮೊಂಡಾದರೆ ಬ್ಲೇಡ್ ಬದಲಿಸಿದರಾಯಿತು. ಆದರೆ ಕತ್ತಿ ಹಗುರ, ಅಂಚು ಬಲು ಚೂಪು. ಕೈ ಸ್ವಲ್ಪ ಒತ್ತಿದರೂ ಗೀರುತ್ತದೆ. ನಾಳೆಯಿಂದಲೇ ಶುರು ಮಾಡಬೇಕೆಂದರೆ ಇದೇ ಸರಿ.

ಅಜ್ಜನ ಪೆಟ್ಟಿಗೆಯಲ್ಲಿ ಸೋಲಿಂಗೆನ್ ಅಥವಾ ಶೆಫೀಲ್ಡ್ (ಕತ್ತಿಗೆ ಹೆಸರಾದ ಜರ್ಮನಿ, ಇಂಗ್ಲೆಂಡಿನ ಊರುಗಳು) ಎಂದು ಅಚ್ಚೊತ್ತಿದ ಕತ್ತಿ ಸಿಕ್ಕಿದ್ದರೆ, ಮೊದಲು ಅಂಚನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕಿದ್ದರೂ ಮುಖಕ್ಕೆ ಬೇಡ, ನೆನಪಿಗೆ ಇಡಿ. ಅಂಚಿನ ಬಳಿ ತುಕ್ಕು ತಿಂದ ಆಳದ ಗುಳಿಯೂ ಕೆಟ್ಟದ್ದೇ: ಮಸೆದಂತೆಲ್ಲ ಅಲಗು ಅಲ್ಲೇ ಉದುರುತ್ತದೆ. ಮೇಲ್ಮೇಲಿನ ತುಕ್ಕಾದರೆ ಎಣ್ಣೆ ಹಚ್ಚಿ, 1000 ನಂಬರಿನ ವಾಟರ್ ಪೇಪರಿನಿಂದ ಅಲಗಿನ ಉದ್ದಕ್ಕೆ ಉಜ್ಜಿ.

ಸಾಣೆ 1000, 4000, 8000 ನಂಬರಿನ ಕಲ್ಲುಗಳ ಕ್ರಮದಲ್ಲಿ (ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು). ಬೆನ್ನು (ಅಲಗಿನ ದಪ್ಪ ಬದಿ), ಅಂಚು ಎರಡೂ ಕಲ್ಲಿಗೆ ತಾಗಿರಬೇಕು, ಅಂಚು ಮುಂದಾಗಿ ಸಾಗಬೇಕು. ಬೆನ್ನು ಮೇಲೆದ್ದರೆ ಕೋನ ಕೆಟ್ಟು, ಕತ್ತಿ ಕೂದಲು ಕೀಳುತ್ತದೆ. ಚರ್ಮದ ಪಟ್ಟಿಯ ಮೇಲೆ ತದ್ವಿರುದ್ಧ: ಬೆನ್ನು ಮುಂದೆ, 40–50 ಸಲ. ಕಲ್ಲು, ಪಟ್ಟಿಗೆ ಖರ್ಚಿದೆ. ಕೈ ಕೂರಲು ವಾರಗಟ್ಟಲೆ ಬೇಕು. ಆದರೂ ತೂಕದ ಅಲಗು ಕೆನ್ನೆಯ ಮೇಲೆ ತಾನಾಗಿ ಸಾಗುವ ಹಿತ ಬ್ಲೇಡಿನಲ್ಲಿಲ್ಲ.

ಚಿತ್ರದುರ್ಗದ ಕಡೆ ಬೋರ್‌ವೆಲ್ಲಿನ ಗಡಸು ನೀರಾದರೆ ಯಾವ ಕತ್ತಿಗೂ ನೊರೆ ಸರಿಯಾಗಿ ಏಳದು. ಶುದ್ಧ ನೀರಿನ ಘಟಕದ ನೀರು ಒಂದು ಲೋಟ ಸಾಕು.