ಹೋಮ್ ಇನ್‌ಸ್ಪೆಕ್ಟರ್‌ಗಳ ಉದ್ಯೋಗ ಕರಾರಿಗೆ ಆನ್‌ಲೈನ್ ಸೇವೆ: ಐದು ವರ್ಷಗಳ ಬಳಕೆಯ ನಂತರ

ಕ್ಯಾಲಿಫೋರ್ನಿಯಾದಲ್ಲಿ ನಾಲ್ವರು ಹೋಮ್ ಇನ್‌ಸ್ಪೆಕ್ಟರ್‌ಗಳಿರುವ (ಮನೆಗಳ ಸ್ಥಿತಿಯನ್ನು ತಪಾಸಣೆ ಮಾಡಿ ದೋಷಗಳ ವರದಿ ಕೊಡುವವರು) ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿರುವ ನಾನು, ಅವರ ಉದ್ಯೋಗ ಕರಾರುಗಳಿಗಾಗಿ 2020ರ ಆರಂಭದಿಂದ ಐದು ವರ್ಷ ಒಂದೇ ಆನ್‌ಲೈನ್ ಸೇವೆಯನ್ನು ಬಳಸಿದ್ದೇನೆ. ವಾರ್ಷಿಕ ಚಂದಾ ಕಟ್ಟಿ ಪ್ರಶ್ನಾವಳಿಗೆ ಉತ್ತರ ತುಂಬಿದರೆ ಆಯಾ ರಾಜ್ಯದ ಕಾನೂನಿಗೆ ತಕ್ಕ ಕರಡು ಸಿದ್ಧವಾಗುತ್ತದೆ. ಪ್ರತ್ಯೇಕ ಶುಲ್ಕ ಕೊಟ್ಟರೆ ವಕೀಲರೊಬ್ಬರು ಅದನ್ನು ಓದಿ ತಿದ್ದಿಕೊಡುತ್ತಾರೆ. ಸೇವೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನಗೆ ಹೇಳಬೇಕಿರುವುದು ಆ ಕರಡುಗಳಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಮಾತ್ರ.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಪ್ರಶ್ನಾವಳಿಯಲ್ಲಿ ಇನ್‌ಸ್ಪೆಕ್ಟರ್‌ನ ರಾಜ್ಯ ಪರವಾನಗಿ ಸಂಖ್ಯೆಯನ್ನು ತುಂಬದ ಹೊರತು ಮುಂದಿನ ಪುಟ ತೆರೆಯುತ್ತಿರಲಿಲ್ಲ. ಟೆಕ್ಸಾಸ್‌ನಲ್ಲಿ ರಿಯಲ್ ಎಸ್ಟೇಟ್ ಆಯೋಗವು ಇನ್‌ಸ್ಪೆಕ್ಟರ್‌ಗಳಿಗೆ ಪರವಾನಗಿ ಕೊಡುತ್ತದೆ, ಆದ್ದರಿಂದ ಅಲ್ಲಿ ಆ ಪ್ರಶ್ನೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಹೋಮ್ ಇನ್‌ಸ್ಪೆಕ್ಟರ್‌ಗಳಿಗೆ ರಾಜ್ಯದ ಪರವಾನಗಿ ಎಂಬುದೇ ಇಲ್ಲ. ಅವರ ಕರ್ತವ್ಯಗಳನ್ನು ಉದ್ಯಮ ಮತ್ತು ವೃತ್ತಿಗಳ ಸಂಹಿತೆಯ ಸೆಕ್ಷನ್ 7195ರಿಂದ ಮುಂದಿನ ಕೆಲವು ಸೆಕ್ಷನ್‌ಗಳು ನಿಗದಿಪಡಿಸುತ್ತವೆ. ದೂರು ಕೊಟ್ಟ ಕೆಲವು ವಾರಗಳಲ್ಲಿ ಅದನ್ನು ಸರಿಪಡಿಸಿದರು. ಆದರೆ ಈ ವೃತ್ತಿಯನ್ನು ಬಲ್ಲವರು ಯಾರೂ ಆ ಪ್ರಶ್ನಾವಳಿಯನ್ನು ಓದಿ ನೋಡಿರಲಿಲ್ಲ ಎಂಬ ಅನುಮಾನ ಅಂದಿನಿಂದ ನನ್ನಲ್ಲಿ ಉಳಿಯಿತು, ಮತ್ತು ಅದು ನಿಜವೆಂದು ತೋರಿಸಿಕೊಟ್ಟದ್ದು ವೇತನದ ಕಲಮು.

ನಮ್ಮಲ್ಲಿ ಪ್ರತಿ ತಪಾಸಣೆಗೆ ಇಷ್ಟು ಎಂದು ಹಣ ಕೊಡುವ ಪದ್ಧತಿಯಿತ್ತು. ಪ್ರಶ್ನಾವಳಿಯಲ್ಲಿ ಅದನ್ನೇ ಆರಿಸಿದಾಗ, ನಿಗದಿತ ಮೊತ್ತವೇ ಆ ದಿನದ ಎಲ್ಲ ಕೆಲಸಕ್ಕೂ ಪೂರ್ಣ ವೇತನ ಎಂಬರ್ಥದ ಒಂದೇ ವಾಕ್ಯ ಕರಡಿನಲ್ಲಿ ಬಂತು. ಇನ್‌ಸ್ಪೆಕ್ಟರ್‌ನ ದಿನ ಹೇಗಿರುತ್ತದೆ ಎಂಬುದನ್ನು ಬಲ್ಲವರು ಆ ವಾಕ್ಯವನ್ನು ಬರೆಯಲಾರರು. ಬೆಳಿಗ್ಗೆ ಒಂದು ಮನೆಯ ಛಾವಣಿ ಹತ್ತಿ, ನೆಲದಡಿಯ ಇಕ್ಕಟ್ಟಾದ ಜಾಗವಾದ ಕ್ರಾಲ್ ಸ್ಪೇಸ್‌ನಲ್ಲಿ ತೆವಳಿ, ವಿದ್ಯುತ್ ಫಲಕದ ಮುಚ್ಚಳ ತೆಗೆದು ವೈರಿಂಗ್ ನೋಡಿ, ನಂತರ ಕಾರಿನಲ್ಲಿ ಎರಡನೆಯ ಮನೆಗೆ ಹೋಗಿ, ಬೀಗದ ಕೈ ತರುವ ಏಜೆಂಟ್‌ಗಾಗಿ ಅಂಗಳದಲ್ಲಿ ಕಾದು, ಸಂಜೆ ಮನೆಗೆ ಮರಳಿದ ಮೇಲೂ ಆತನ ಕೆಲಸ ಮುಗಿದಿರುವುದಿಲ್ಲ. ಊಟವಾದ ಮೇಲೆ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ನೂರಾರು ಫೋಟೋಗಳಿಂದ ಬೇಕಾದವನ್ನು ಆರಿಸಿ, ಪ್ರತಿ ದೋಷಕ್ಕೂ ವಿವರಣೆ ಬರೆದು ವರದಿ ಕಳುಹಿಸುವಾಗ ರಾತ್ರಿ ಹತ್ತು ದಾಟಿರುತ್ತದೆ.

2016ರ ಜನವರಿ 1ರಿಂದ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಯ ಸೆಕ್ಷನ್ 226.2ರ ಪ್ರಕಾರ, ಎಣಿಕೆಯ ಮೇಲೆ ವೇತನ ಪಡೆಯುವ ನೌಕರರಿಗೆ ವಿಶ್ರಾಂತಿ ವಿರಾಮದ ವೇತನವನ್ನೂ, ಎಣಿಕೆಯ ಕೆಲಸಕ್ಕೆ ನೇರವಾಗಿ ಸಂಬಂಧಿಸದ ಕರ್ತವ್ಯದ ಸಮಯದ ವೇತನವನ್ನೂ ಪ್ರತ್ಯೇಕವಾಗಿ ಕೊಟ್ಟು, ವೇತನ ಚೀಟಿಯಲ್ಲಿ ಪ್ರತ್ಯೇಕವಾಗಿಯೇ ತೋರಿಸಬೇಕು. ಆದ್ದರಿಂದ ವರದಿ ಬರೆಯುವುದು ‘ಒಂದು ತಪಾಸಣೆ’ ಎಂಬುದರೊಳಗೆ ಸೇರಿದೆಯೇ ಇಲ್ಲವೇ ಎಂಬುದನ್ನು ಕರಾರು ಸ್ಪಷ್ಟವಾಗಿ ಹೇಳಲೇಬೇಕು. ಅದು ಸೇರಿದೆ ಎಂದರೂ ಆ ಗಂಟೆಗಳು ಲೆಕ್ಕದಿಂದ ಬಿಟ್ಟುಹೋಗುವಂತಿಲ್ಲ. ದಿನಕ್ಕೆ 8 ಗಂಟೆ ಮೀರಿದ ಕೆಲಸಕ್ಕೆ ಈ ರಾಜ್ಯದಲ್ಲಿ ಓವರ್‌ಟೈಮ್ ಕೊಡಬೇಕು. ಬೇರೆ ಅನೇಕ ರಾಜ್ಯಗಳಲ್ಲಿ ವಾರಕ್ಕೆ 40 ಗಂಟೆಯ ಲೆಕ್ಕವಷ್ಟೇ ಇರುವುದರಿಂದ, ಎಲ್ಲ ರಾಜ್ಯಗಳಿಗೂ ಒಂದೇ ಅಚ್ಚಿನಿಂದ ತೆಗೆದ ಕರಡಿನಲ್ಲಿ ಈ ವ್ಯತ್ಯಾಸ ಕಳೆದುಹೋಗಿತ್ತು. ಎರಡು ವರ್ಷ ನಾನು ಆ ಒಂದು ವಾಕ್ಯವನ್ನು ನಂಬಿ ವೇತನ ಕೊಟ್ಟೆ. ವಕೀಲರು ತಪ್ಪನ್ನು ತೋರಿಸಿದ ಮೇಲೆ ಹಳೆಯ ವರದಿಗಳ ಸಮಯವನ್ನೆಲ್ಲ ಲೆಕ್ಕ ಹಾಕಿ ಬಾಕಿ ತೀರಿಸಿದೆ. ಇಷ್ಟು ಕಾಲ ಅವರ ರಾತ್ರಿಯ ದುಡಿಮೆಗೆ ಹಣ ಕೊಟ್ಟಿರಲಿಲ್ಲವೆಂಬ ಸಂಗತಿ ಆ ಮೊತ್ತಕ್ಕಿಂತ ಹೆಚ್ಚು ನೋಯಿಸಿತು. ಈಗ ನಮ್ಮಲ್ಲಿ ಎಲ್ಲ ಗಂಟೆಗಳಿಗೂ ಗಂಟೆಯ ದರವಿದೆ, ಅದರ ಮೇಲೆ ಪ್ರತಿ ತಪಾಸಣೆಗೆ ಒಂದು ಮೊತ್ತವಿದೆ.

ನೌಕರರೋ ಸ್ವತಂತ್ರ ಗುತ್ತಿಗೆದಾರರೋ ಎಂಬ ವಿಷಯದಲ್ಲಿ ಸೇವೆಯ ಸಲಹೆ ಅಪಾಯಕ್ಕೆ ಹತ್ತಿರವಾಗಿತ್ತು. 2020ರ ಜನವರಿಯಲ್ಲಿ ಜಾರಿಗೆ ಬಂದ ಎಬಿ 5 ಕಾಯ್ದೆಯಲ್ಲಿ ಇದನ್ನು ನಿರ್ಧರಿಸಲು ಇರುವ ಕಠಿಣ ಪರೀಕ್ಷೆಯಿಂದ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಎಬಿ 2257 ಕಾಯ್ದೆ ಹೋಮ್ ಇನ್‌ಸ್ಪೆಕ್ಟರ್‌ಗಳಿಗೆ ವಿನಾಯಿತಿ ನೀಡಿತು. ಇನ್ನು ಗುತ್ತಿಗೆಯ ಟೆಂಪ್ಲೇಟ್ ಬಳಸಬಹುದು ಎಂದು ಕೆಲವೇ ದಿನಗಳಲ್ಲಿ ಸೇವೆಯಿಂದ ಮೇಲ್ ಬಂತು. ಆದರೆ ಆ ವಿನಾಯಿತಿಯ ಅರ್ಥ ಎಲ್ಲರೂ ಗುತ್ತಿಗೆದಾರರಾದರು ಎಂದಲ್ಲ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 1989ರ ಬೊರೆಲ್ಲೊ ತೀರ್ಪಿನ ಹಳೆಯ ಪರೀಕ್ಷೆ ಅನ್ವಯಿಸುತ್ತದೆ ಎಂದಷ್ಟೇ. ಕೆಲಸದ ಮೇಲೆ ಹಿಡಿತ ಯಾರದ್ದು ಎಂಬುದು ಅದರ ಮುಖ್ಯ ಪ್ರಶ್ನೆ. ತಪಾಸಣೆಯ ವೇಳೆಯನ್ನು ನಾವೇ ಗೊತ್ತುಮಾಡುತ್ತೇವೆ, ವರದಿಯ ಸಾಫ್ಟ್‌ವೇರ್ ನಮ್ಮದು, ಅಂಗಿಯ ಮೇಲಿನ ಹೆಸರೂ ನಮ್ಮದೇ. ಹಾಗಿರುವಾಗ ಅವರು ನಮ್ಮ ನೌಕರರಲ್ಲದೆ ಇನ್ನೇನು?

ಎರಡನೆಯ ವರ್ಷ ಇನ್‌ಸ್ಪೆಕ್ಟರ್ ಒಬ್ಬರ ಕೈಯಿಂದ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಕ್ರಾಲ್ ಸ್ಪೇಸ್‌ನ ನೀರಿಗೆ ಬಿದ್ದು ಕೆಟ್ಟಿತು. ಕರಡಿನಲ್ಲಿ ಉಪಕರಣ ಹಾನಿಯನ್ನು ವೇತನದಿಂದ ಕಡಿತ ಮಾಡುವ ಕಲಮಿತ್ತು, ನಾನೂ ಕಡಿತಕ್ಕೆ ಸಿದ್ಧನಾಗಿದ್ದೆ. ಆದರೆ ಸಾಮಾನ್ಯ ಅಜಾಗರೂಕತೆಯ ನಷ್ಟವನ್ನು ಇಲ್ಲಿ ನೌಕರನ ಸಂಬಳದಿಂದ ಹಿಡಿಯುವಂತಿಲ್ಲ. ಗ್ರಾಹಕರು ಹೂಡುವ ದಾವೆಯ ಖರ್ಚನ್ನು ಇನ್‌ಸ್ಪೆಕ್ಟರ್ ಭರಿಸಬೇಕೆಂಬ ಇನ್ನೊಂದು ಕಲಮೂ ಅದರಲ್ಲಿತ್ತು. ಆದರೆ ಕರ್ತವ್ಯದ ಭಾಗವಾಗಿ ಆದ ಅಗತ್ಯ ಖರ್ಚು ಮತ್ತು ನಷ್ಟವನ್ನು ಉದ್ಯೋಗದಾತನೇ ತುಂಬಿಕೊಡಬೇಕೆಂದು ಕಾರ್ಮಿಕ ಸಂಹಿತೆಯ ಸೆಕ್ಷನ್ 2802 ಹೇಳುತ್ತದೆ; ಸ್ವಂತ ಕಾರಿನ ಓಡಾಟ, ಕೆಲಸಕ್ಕೆ ಬಳಸುವ ಸ್ವಂತ ಫೋನ್ ಕೂಡ ಅದರಲ್ಲಿ ಸೇರುತ್ತವೆ.

ಸೇವೆಯನ್ನು ಮನಃಪೂರ್ವಕವಾಗಿ ಮೆಚ್ಚಬೇಕಾದ ಒಂದು ಸಂದರ್ಭವೂ ಇದೆ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯಾಗಬಾರದೆಂಬ ಷರತ್ತು ಕ್ಯಾಲಿಫೋರ್ನಿಯಾದಲ್ಲಿ ಮೊದಲಿನಿಂದಲೂ ಅಸಿಂಧು. ಹಾಗಿದ್ದರೂ ನಮ್ಮ ಹಳೆಯ ಕರಡಿನಲ್ಲಿ ಅದು ಸೇರಿಕೊಂಡಿತ್ತು. 2024ರ ಜನವರಿ 1ರಿಂದ ಅಂಥ ಷರತ್ತನ್ನು ಕರಾರಿನಲ್ಲಿ ಸೇರಿಸುವುದೇ ಕಾನೂನುಬಾಹಿರವಾಯಿತು, ಮತ್ತು 2022ರ ಜನವರಿ 1ರ ನಂತರ ಕೆಲಸದಲ್ಲಿದ್ದವರಿಗೆ ಆ ಷರತ್ತು ಅಸಿಂಧುವೆಂದು 2024ರ ಫೆಬ್ರವರಿ 14ರೊಳಗೆ ಬರವಣಿಗೆಯಲ್ಲಿ ತಿಳಿಸಬೇಕಾಯಿತು. ಸೇವೆಯವರು ಜನವರಿಯಲ್ಲೇ ಸೂಚನಾಪತ್ರದ ಸ್ಪಷ್ಟವಾದ ಕರಡನ್ನು ಕಳುಹಿಸಿ, ಕೆಲಸ ಬಿಟ್ಟುಹೋದವರಿಗೂ ಅದನ್ನು ತಲುಪಿಸಬೇಕೆಂದು ನೆನಪಿಸಿದರು. ಅವರು ನೆನಪಿಸದಿದ್ದರೆ ನಾನು ಗಡುವನ್ನು ತಪ್ಪಿಸಿಕೊಳ್ಳುತ್ತಿದ್ದೆ.

ಆ ಷರತ್ತನ್ನು ತೆಗೆದ ಜಾಗದಲ್ಲಿ, ಈ ವೃತ್ತಿಗೆ ನಿಜವಾಗಿ ಬೇಕಾದ ಎರಡು ಕಲಮುಗಳನ್ನು ವಕೀಲರಿಂದ ಬರೆಸಿದೆ. ಇನ್‌ಸ್ಪೆಕ್ಟರ್ ತಾನು ಅಥವಾ ಸಂಸ್ಥೆ ವರದಿ ಕೊಟ್ಟ ಕಟ್ಟಡದಲ್ಲಿ 12 ತಿಂಗಳೊಳಗೆ ಹಣ ಪಡೆದು ದುರಸ್ತಿ ಮಾಡುವುದನ್ನು ಉದ್ಯಮ ಮತ್ತು ವೃತ್ತಿಗಳ ಸಂಹಿತೆಯ ಸೆಕ್ಷನ್ 7197 ನಿಷೇಧಿಸುತ್ತದೆ. ಬಿಡುವಿನಲ್ಲಿ ಮರಗೆಲಸ ಮಾಡುವ ಇನ್‌ಸ್ಪೆಕ್ಟರ್‌ಗೆ ಇದನ್ನು ಕರಾರಿನಲ್ಲೇ ತಿಳಿಸುವುದು ನ್ಯಾಯ. ತಪಾಸಣೆಯ ದಿನದಿಂದ ನಾಲ್ಕು ವರ್ಷದವರೆಗೆ ಗ್ರಾಹಕರು ದಾವೆ ಹೂಡಬಹುದಾದ್ದರಿಂದ, ಫೋಟೋ ಮತ್ತು ಟಿಪ್ಪಣಿಗಳು ಸಂಸ್ಥೆಯಲ್ಲೇ ಉಳಿಯಬೇಕು, ಕೆಲಸ ಬಿಟ್ಟವರು ಸಾಕ್ಷ್ಯಕ್ಕೆ ಬರಬೇಕಾದರೆ ಆ ಸಮಯಕ್ಕೂ ನಾವು ಹಣ ಕೊಡಬೇಕು ಎಂಬುದು ಎರಡನೆಯದು.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಒಬ್ಬಿಬ್ಬರನ್ನು ಗಂಟೆಯ ದರದಲ್ಲಿ ನೇಮಿಸಿಕೊಳ್ಳುವವರಿಗೆ ವಕೀಲರ ಪರಿಶೀಲನೆಯೊಂದಿಗೆ ಇದು ಸಾಕು; ತಪಾಸಣೆಯ ಎಣಿಕೆಯ ಮೇಲೆ ವೇತನ ಕೊಡುವವರು ಪರಿಶೀಲನೆಯಿಲ್ಲದೆ ಇದರ ಕರಡಿಗೆ ಸಹಿ ಹಾಕಿಸಬಾರದು. ನಾನು ಈ ವರ್ಷವೂ ಚಂದಾ ನವೀಕರಿಸಿದ್ದೇನೆ. ವರದಿ ಬರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆ ಪ್ರಶ್ನಾವಳಿಯಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ಆ ಕಲಮನ್ನು ಪ್ರತಿ ಕರಾರಿಗೂ ನಾನೇ ಸೇರಿಸುತ್ತಿದ್ದೇನೆ.