ಮಾರ್ಟೈಸ್ ಲಾಕ್ ಒಡೆಯದೆ ತೆಗೆಯುವ ಟೂಲ್ ಸೆಟ್: ಆರು ವರ್ಷ ಬಳಸಿದ ಮೇಲೆ

ಬೆಂಗಳೂರಿನಲ್ಲಿ ಬೀಗದ ಕೆಲಸ ಮಾಡುತ್ತೇನೆ. ಆರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಒಂದು ಲಿವರ್ ಪಿಕ್ ಸೆಟ್, ಅಂದರೆ ಕೀ ಇಲ್ಲದೆ ಬೀಗ ತೆಗೆಯುವ ಕಡ್ಡಿಗಳ ಸೆಟ್, ತರಿಸಿದೆ. ಒಟ್ಟು ಹದಿನಾಲ್ಕು ಪೀಸು. ಕಸ್ಟಮ್ಸ್ ಎಲ್ಲ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರಿನ ದುಡ್ಡಾಯಿತು. ಮನೆಯಲ್ಲಿ ಬೈಸಿಕೊಂಡೆ. ಇವತ್ತು ನನ್ನ ಬ್ಯಾಗಿನಲ್ಲಿ ಅದರದ್ದು ಉಳಿದಿರುವುದು ಮೂರೇ ಪೀಸು. ಆದರೂ ದುಡ್ಡು ದಂಡ ಅಂತ ಹೇಳಲಾರೆ.

ಬೀಗ ಒಡೆಯುವುದು ದೊಡ್ಡ ವಿಷಯ ಅಲ್ಲ. ಡ್ರಿಲ್ ಹಿಡಿದರೆ ಆಯಿತು. ಕಷ್ಟ ಇರುವುದು ಆಮೇಲೆ. ಮಾರ್ಟೈಸ್ ಲಾಕ್ ಬಾಗಿಲ ಹೊಟ್ಟೆಯೊಳಗೆ ಕೂತಿರುತ್ತದೆ. ಮಲ್ಲೇಶ್ವರ, ಬಸವನಗುಡಿ ಕಡೆಯ ಹಳೇ ತೇಗದ ಬಾಗಿಲಿನ ಗೂಡಿಗೆ ಈಗಿನ ಲಾಕ್ ಬಾಡಿ ಸುಮ್ನೆ ಹೋಗಿ ಕೂರುವುದಿಲ್ಲ. ಬಡಗಿಯನ್ನು ಕರೆಸಬೇಕು, ಉಳಿ ಹಾಕಿಸಬೇಕು, ಮತ್ತೆ ಪಾಲಿಶ್ ಆಗಬೇಕು. ಗಿರಾಕಿ ನನಗೆ ಕೊಡುವುದಕ್ಕಿಂತ ಅದರ ಖರ್ಚೇ ಜಾಸ್ತಿ. ಅದಕ್ಕೇ ಒಡೆಯದೆ ತೆಗೆಯುವವನಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಜನ ಒಪ್ಪುತ್ತಾರೆ.

ನನಗೆ ಕೆಲಸ ಕಲಿಸಿದ್ದು ನಮ್ಮ ಸೋದರಮಾವ. ಅವರ ಟೂಲ್ ಅಂದರೆ ಸೈಕಲ್ ಸ್ಪೋಕು, ಕೊಡೆ ಕಡ್ಡಿ, ಮುರಿದ ಹ್ಯಾಕ್ಸಾ ಬ್ಲೇಡು. ಗ್ರೈಂಡರಿಗೆ ಹಿಡಿದು ತಾವೇ ತಿದ್ದಿಕೊಳ್ಳುತ್ತಿದ್ದರು. ನನ್ನ ಸೆಟ್ ನೋಡಿ, "ಏನೋ ಇದು, ಡೆಂಟಿಸ್ಟ್ ಆಗ್ತೀಯಾ?" ಅಂದರು.

ಈ ಸೆಟ್ಟಿನ ಜೀವ ಅಂದರೆ ಎರಡು ವೈರಿನ ಪಿಕ್. ಲಿವರ್ ಲಾಕಿನಲ್ಲಿ ಹಿತ್ತಾಳೆಯ ತೆಳು ತಗಡುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಕೀ ಒಂದೊಂದನ್ನೂ ಅದರದರ ಎತ್ತರಕ್ಕೆ ಎತ್ತಿದಾಗ ಮಾತ್ರ ಬೋಲ್ಟ್ ಸರಿಯಲು ದಾರಿ ಆಗುತ್ತದೆ. ಈ ಪಿಕ್ಕಿನ ಒಂದು ವೈರು ಬೋಲ್ಟನ್ನು ತಳ್ಳಿಕೊಂಡಿರುತ್ತದೆ, ಇನ್ನೊಂದು ಲಿವರುಗಳನ್ನು ತಡವುತ್ತದೆ. ಒಳ್ಳೆಯ ಪಿಕ್ಕೋ ಅಲ್ಲವೋ ಅಂತ ಗೊತ್ತಾಗುವುದು ಹಿಡಿಯಲ್ಲಿ. ಬಿಗಿಯಾದ ಲಿವರ್ ಯಾವುದು, ಸಡಿಲ ಯಾವುದು ಅಂತ ಬೆರಳಿಗೆ ಹೇಳಬೇಕು. ಈ ವಿಷಯದಲ್ಲಿ ಈ ಸೆಟ್ಟಿಗೆ ಪೂರ್ತಿ ಮಾರ್ಕ್ಸ್. ಮಾವನ ಸ್ಪೋಕು ಪಿಸುಗುಟ್ಟುತ್ತಿತ್ತು, ಇದು ಮಾತಾಡುತ್ತದೆ.

ಉಳಿದ ಪೀಸು ಯಾಕೆ ಬೇಡವಾದವು ಅಂದರೆ, ಅವು ನಮ್ಮ ಬಾಗಿಲಿಗೆ ಮಾಡಿದ್ದಲ್ಲ. ಬ್ರಿಟನ್ನಿನಲ್ಲಿ ಮನೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಬಿಎಸ್ 3621 (ಅಲ್ಲಿಯ ಬ್ರಿಟಿಷ್ ಸ್ಟ್ಯಾಂಡರ್ಡ್) ಗುರುತಿನ ಐದು ಲಿವರ್ ಲಾಕ್ ಕೇಳುತ್ತಾರೆ. ಅಂಥ ಲಾಕುಗಳಲ್ಲಿ ಕೀಹೋಲಿನೊಳಗೆ ಕೀ ಜೊತೆಗೇ ತಿರುಗುವ, ಪಿಕ್ಕಿಗೆ ಅಡ್ಡ ಬರುವ ಒಂದು ಬಿಲ್ಲೆ ಇರುತ್ತದೆ, ಕರ್ಟನ್ ಅಂತಾರೆ. ಅದನ್ನು ದಾಟಲೆಂದೇ ಅರ್ಧಕ್ಕರ್ಧ ಪೀಸು ಮಾಡಿದ್ದಾರೆ. ನನ್ನ ಕೈಗೆ ಬರುವ ಲಾಕುಗಳು ಹೆಚ್ಚಿನವು ಆರು ಲಿವರಿನವು. ಕರ್ಟನ್ ಇರುವಂಥದ್ದು ಆರು ವರ್ಷದಲ್ಲಿ ಬೆರಳೆಣಿಕೆ. ಕೊಳ್ಳುವ ಮೊದಲು ನಿಮ್ಮ ಏರಿಯಾದ ಹತ್ತು ಬಾಗಿಲು ನೋಡಿ, ಆಮೇಲೆ ಪಟ್ಟಿ ಮಾಡಿ. ನಾನು ಉಲ್ಟಾ ಮಾಡಿದೆ.

ಇನ್ನು ಮುರಿದ ಕಥೆ. ಎರಡನೇ ವರ್ಷ, ಬಸವನಗುಡಿಯ ಒಂದು ಮನೆ. ಕೀ ಕಳೆದುಹೋಗಿತ್ತು. ಅಜ್ಜಿ ಜಗಲಿ ಮೇಲೆ ಕೂತು, "ಒಡೀಬೇಡಪ್ಪ, ನಮ್ಮ ಯಜಮಾನ್ರು ಹಾಕ್ಸಿದ್ ಬಾಗ್ಲು" ಅಂತ ಮೂರು ಸಲ ಹೇಳಿದರು. "ಇಲ್ಲಮ್ಮ, ಒಡೆಯಲ್ಲ" ಅಂದೆ. ನಾಲ್ಕನೇ ಲಿವರಿಗೆ ಪಿಕ್ಕಿನ ತುದಿ ಪಟ್ ಅಂತ ಒಳಗೇ ಮುರಿಯಿತು. ಬೆವರು ಕಿತ್ತುಕೊಂಡು ಬಂತು. ಪುಣ್ಯಕ್ಕೆ ಹಳೇ ಲಾಕು, ಒಳಗೆ ಹೆಚ್ಚಿನದೆಲ್ಲ ಹಿತ್ತಾಳೆ. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಉಕ್ಕಿನ ತುದಿ ಅಂಟುತ್ತದೆ. ಬ್ಯಾಗಿನಲ್ಲಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ಇತ್ತು, ಮಾವನ ಸ್ಪೋಕೂ ಇತ್ತು. ಸ್ಪೋಕಿನ ಹಿಂಬದಿಗೆ ಮ್ಯಾಗ್ನೆಟ್ ಕಚ್ಚಿಸಿ ಮುಂದಿನ ತುದಿಯನ್ನು ಒಳಗೆ ಬಿಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕಿಕಾಳಿನಷ್ಟು ಚೂರು ಅಂಟಿಕೊಂಡು ಬಂತು. ಅದಾದ ಮೇಲೆ ಬೇರೆ ವೈರು ಹಾಕಿ ಲಾಕ್ ತೆಗೆದೆ. ಅಜ್ಜಿ ಕಾಫಿ ಕೊಟ್ಟರು. ಚೂರಿನ ವಿಷಯ ನಾನು ಹೇಳಲಿಲ್ಲ.

ಕಂಪನಿಗೆ ಫೋಟೊ ಸಮೇತ ಮೇಲ್ ಹಾಕಿದೆ. ಜಾಸ್ತಿ ಬಲ ಹಾಕಿದ್ದೀರಿ, ವಾರಂಟಿ ಬರುವುದಿಲ್ಲ ಅಂತ ಉತ್ತರ. ಬರೀ ತುದಿಯನ್ನಾದರೂ ಮಾರಿ ಅಂದರೆ ಬಿಡಿಯಾಗಿ ಕೊಡುವುದಿಲ್ಲವಂತೆ. ನನಗೆ ಇವತ್ತಿಗೂ ಸಿಟ್ಟಿರುವುದು ಇದರ ಮೇಲೆ. ಸವೆಯುವ ವಸ್ತು ಮಾರುವವರು ಸವೆದದ್ದಕ್ಕೆ ಬದಲಿ ಮಾರಬೇಕಲ್ವಾ? ಕೊನೆಗೆ ಸ್ಪೋಕನ್ನೇ ಗ್ರೈಂಡ್ ಮಾಡಿ ಆ ಹಿಡಿಗೆ ಕೂರಿಸಿಕೊಂಡೆ. ಈಗ ಅದೇ ಓಡುತ್ತಿದೆ. ಸ್ವಲ್ಪ ಬಾಗುತ್ತದೆ, ಮುರಿಯುವುದಿಲ್ಲ.

ಹೊಸಬರು ಎಡವುವ ಜಾಗ ಒಂದಿದೆ. ಎಷ್ಟೋ ಮಾರ್ಟೈಸ್ ಲಾಕುಗಳಲ್ಲಿ ಕೀ ಎರಡು ಸುತ್ತು ತಿರುಗುತ್ತದೆ. ಒಂದು ಸುತ್ತು ಸರಿದ ಕೂಡಲೇ ಲಿವರುಗಳು ಮತ್ತೆ ಬಿದ್ದುಬಿಡುತ್ತವೆ. ಅಂದರೆ ಅದೇ ಕೆಲಸ ಎರಡು ಸಲ. ಮೊದಲ ಟಕ್ ಶಬ್ದ ಕೇಳಿ ಮನೆಯವರು ಹ್ಯಾಂಡಲ್ ಎಳೆಯಲು ಓಡಿ ಬರುತ್ತಾರೆ. ಹತ್ತಿರ ಬಿಡಬೇಡಿ, ಕೈ ಅಲುಗಿದರೆ ಮೊದಲಿಂದ ಶುರು.

ಡಿಸೆಂಬರಿನಲ್ಲಿ ಇನ್ನೊಂದು ತಮಾಷೆ. ನಮ್ಮ ಜನ ಬೀಗ ಬಿಗಿ ಅಂದರೆ ತೆಂಗಿನೆಣ್ಣೆ ಬಿಡುತ್ತಾರೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿಗೇ ಗಟ್ಟಿ ಆಗುತ್ತದೆ. ಬೆಂಗಳೂರಿನ ಚಳಿಗೆ, ಧೂಳಿನ ಜೊತೆ ಸೇರಿ ಲಿವರೆಲ್ಲ ಮೇಣ ಹಚ್ಚಿದ ಹಾಗೆ ಅಂಟಿಕೊಂಡಿರುತ್ತವೆ. ಯಾವ ಪಿಕ್ಕಿಗೂ ಏನೂ ತಿಳಿಯುವುದಿಲ್ಲ. ಹೇರ್ ಡ್ರೈಯರಿನಲ್ಲಿ ಐದು ನಿಮಿಷ ಬಿಸಿ ಮಾಡಿದರೆ, ಎಷ್ಟೋ ಸಲ ಅವರದ್ದೇ ಕೀಯಲ್ಲಿ ತೆರೆದುಕೊಂಡಿದೆ. ಮಳೆಗಾಲದಲ್ಲೂ ಹಾಗೆ. ಮರ ಉಬ್ಬಿ ಬೋಲ್ಟ್ ಚೌಕಟ್ಟಿಗೆ ಒತ್ತಿಕೊಂಡಿರುತ್ತದೆ. ಟೂಲ್ ತೆಗೆಯುವ ಮೊದಲು ಬಾಗಿಲಿಗೆ ಭುಜ ಕೊಟ್ಟು ಕೀ ತಿರುಗಿಸಿ ನೋಡಿ.

ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳಲ್ಲಿ ಇರುವುದು ಮಾರ್ಟೈಸ್ ಬಾಡಿಯೇ, ಆದರೆ ಒಳಗೆ ಲಿವರ್ ಬದಲು ಸಣ್ಣ ಪಿನ್ನುಗಳಿರುವ ಸಿಲಿಂಡರ್. ಅಲ್ಲಿಗೆ ಈ ಸೆಟ್ ಕೆಲಸಕ್ಕೆ ಬರುವುದಿಲ್ಲ, ಅದರ ಪಿಕ್ಕೇ ಬೇರೆ. ಆ ಪಿನ್ನುಗಳನ್ನು ಅದುರಿಸಿ ತೆಗೆಯುವ ಎಲೆಕ್ಟ್ರಿಕ್ ಗನ್ ಕೂಡ ತಗೊಂಡಿದ್ದೆ. ಸದ್ದು ಜಾಸ್ತಿ, ಕೆಲಸ ಕಡಿಮೆ. ಅದಕ್ಕಿಂತ ಎಸ್.ಪಿ. ರೋಡಿನಲ್ಲಿ ತಗೊಂಡ, ಕೀಹೋಲಿನೊಳಗೆ ನೋಡಲು ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಲಕ್ಷ ಪಾಲು ಮೇಲು. 5.5 ಮಿ.ಮೀ.ನದು ನನ್ನ ಲಾಕುಗಳಿಗೆ ತೂರಲಿಲ್ಲ, 3.9 ತಗೊಳ್ಳಿ.

ಹೊತ್ತಿನ ವಿಷಯ. ಅಮೆರಿಕದ ಹಾಬ್ಸ್ ಅನ್ನುವ ಬೀಗದವನು 1851ರಲ್ಲಿ ಲಂಡನ್ನಿನಲ್ಲಿ, ತಾಕತ್ತಿದ್ದರೆ ತೆಗೆಯಿರಿ ಅಂತ ಬ್ರಾಮಾ ಎಂಬ ಬೀಗದ ಕಂಪನಿ ಸವಾಲು ಹಾಕಿದ್ದ ಬೀಗ ತೆಗೆಯಲು 51 ಗಂಟೆ ತಗೊಂಡ. ನನ್ನ ಎರಡು ವೈರಿನ ಥರದ ಪಿಕ್ಕಿಗೆ ಇವತ್ತಿಗೂ ಅವನ ಹೆಸರೇ ಇದೆ. "ಇನ್ನೂ ಎಷ್ಟೊತ್ತಪ್ಪ?" ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ನನಗೆ ಸಾಮಾನ್ಯವಾಗಿ ಅರ್ಧ ಗಂಟೆ.

ಮನೆ ಅವರದ್ದೇ ಅಂತ ಖಾತ್ರಿ ಆಗದೆ ನಾನು ಬ್ಯಾಗ್ ಬಿಚ್ಚುವುದಿಲ್ಲ. ಆಧಾರ್, ಕರೆಂಟ್ ಬಿಲ್ಲು, ಅದೂ ಇಲ್ಲದಿದ್ದರೆ ಪಕ್ಕದ ಮನೆಯವರು. ಸೆಟ್ ಮಾರುವವರು ಮಾತ್ರ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಕಳೆದದ್ದು ಬೇಡದ ಪೀಸುಗಳಿಗೆ, ಒಂದು ಕಳೆದದ್ದು ಆ ಮೇಲ್‌ಗೆ. ಕರ್ಟನ್ ಪೀಸೆಲ್ಲ ಹೊಸದರ ಹಾಗೇ ಡಬ್ಬಿಯಲ್ಲಿವೆ. ಅದೇ ಡಬ್ಬಿಯ ಮೂಲೆಯಲ್ಲಿ ಅಜ್ಜಿ ಮನೆಯ ಚೂರೂ ಇದೆ.